ನೆದರ್‌ಲ್ಯಾಂಡ್ಸ್‌ನಲ್ಲಿ ಮಾತ್ರೆ ಟೆಸ್ಟ್ ಮಾಡಿಸೋದು ಹೇಗೆ? ಹೊಸದಾಗಿ ಬಂದ ನಮ್ಮವರಿಗೆ

ಐಂಡ್‌ಹೋವನ್‌ಗೋ ಡೆಲ್ಫ್ಟ್‌ಗೋ ಬಂದಿಳಿದ ನಮ್ಮ ಹುಡುಗ ಹುಡುಗಿಯರಿಗೆ ಬಾಡಿಗೆ ಮನೆ, ಬಿಎಸ್‌ಎನ್ ನಂಬರ್ (ಇಲ್ಲಿನ ಸರ್ಕಾರಿ ಗುರುತಿನ ಸಂಖ್ಯೆ), ಸೆಕೆಂಡ್ ಹ್ಯಾಂಡ್ ಸೈಕಲ್ ಬಗ್ಗೆ ಎಲ್ಲರೂ ಹೇಳಿಕೊಡುತ್ತಾರೆ. ಡ್ರಗ್ಸ್ ವಿಷಯ ಬಂದರೆ ಮಾತ್ರ "ಅದರ ಸಹವಾಸವೇ ಬೇಡ" ಅಂದು ಮುಗಿಸಿಬಿಡುತ್ತೇವೆ. ನಾನೂ ಬೇಡ ಅಂತಲೇ ಹೇಳುತ್ತೇನೆ. ಆದರೆ ಪಾರ್ಟಿಯಲ್ಲಿ ಗೆಳೆಯರೇ ಒಂದು ಮಾತ್ರೆ ಕೈಗಿಟ್ಟಾಗ ಎಲ್ಲರೂ ಬೇಡ ಅನ್ನೋದಿಲ್ಲ, ಅಲ್ವಾ? ಅವರೂ ನಮ್ಮ ಮಕ್ಕಳೇ. ಅವರ ಜೀವ ಉಳಿಯಬೇಕು.

ಈ ದೇಶದಲ್ಲಿ, ಡ್ರಗ್ಸ್‌ನಲ್ಲಿ ನಿಜಕ್ಕೂ ಏನಿದೆ ಅಂತ ಪರೀಕ್ಷಿಸಿ ಹೇಳುವ ಡಿಮ್ಸ್ ಅನ್ನೋ ವ್ಯವಸ್ಥೆ 1992ರಿಂದ ಇದೆ. ನಡೆಸೋದು ಮಾನಸಿಕ ಆರೋಗ್ಯ, ಚಟಗಳ ಬಗ್ಗೆ ಅಧ್ಯಯನ ಮಾಡುವ ಟ್ರಿಂಬೋಸ್ ಸಂಸ್ಥೆ. ಚಟ ಬಿಡಿಸುವ ಆರೋಗ್ಯ ಕೇಂದ್ರಗಳಲ್ಲಿ ಟೆಸ್ಟ್ ಮಾಡುತ್ತಾರೆ, ಆಮ್‌ಸ್ಟರ್‌ಡ್ಯಾಮ್‌ನಲ್ಲಾದರೆ ಯೆಲ್ಲಿನೆಕ್‌ನಲ್ಲಿ. 18 ತುಂಬಿರಬೇಕು, ಕೆಲವೇ ಯೂರೋ ಖರ್ಚು. ಇಲ್ಲಿ ಯಾವ ಆಫೀಸಿಗೆ ಹೋದರೂ ಬಿಎಸ್‌ಎನ್ ಕೇಳುತ್ತಾರೆ, ಈ ಕೌಂಟರಿನಲ್ಲಿ ಮಾತ್ರ ನಿಮ್ಮ ಹೆಸರನ್ನೂ ಕೇಳೋದಿಲ್ಲ.

ಮಾತ್ರೆಯ ಬಣ್ಣ, ಮೇಲಿನ ಗುರುತು ನೋಡಿ, ತೂಗಿ, ಅಗಲ ದಪ್ಪ ಅಳೆಯುತ್ತಾರೆ. ಈಗಾಗಲೇ ಲ್ಯಾಬಿನಲ್ಲಿ ಪರೀಕ್ಷೆಯಾದ ಮಾತ್ರೆಗಳ ಪಟ್ಟಿಗೆ ಎಲ್ಲವೂ ತಾಳೆಯಾದರೆ ಅದರಲ್ಲಿ ಏನಿದೆ, ಎಷ್ಟು ಮಿಲಿಗ್ರಾಂ ಇದೆ ಅಂತ ಆಗಲೇ ಹೇಳುತ್ತಾರೆ. ತಾಳೆಯಾಗದಿದ್ದರೆ ಲ್ಯಾಬಿಗೆ ಹೋಗುತ್ತದೆ, ಪುಡಿಯೂ ಅಷ್ಟೇ, ಉತ್ತರಕ್ಕೆ ಸುಮಾರು ಒಂದು ವಾರ. ಫೆಸ್ಟಿವಲ್ ಮೈದಾನದಲ್ಲಿ ಈ ಸೌಲಭ್ಯ ಇಲ್ಲ, ಬಹಳ ಕೇಂದ್ರಗಳು ತೆರೆಯೋದೂ ವಾರದಲ್ಲಿ ಕೆಲವೇ ಗಂಟೆ. ಹಾಗಾಗಿ ಮೊದಲೇ ಹೋಗಬೇಕು. "ಇದು ಸೇಫ್, ತಗೋ" ಅಂತ ಅಲ್ಲಿ ಯಾರೂ ಹೇಳೋದಿಲ್ಲ, ಅದನ್ನು ನಿರೀಕ್ಷಿಸಬೇಡಿ.

ಇಷ್ಟೆಲ್ಲ ಯಾಕೆ ಅಂದರೆ, 2014ರ ಡಿಸೆಂಬರ್‌ನಲ್ಲಿ ಎಕ್ಸ್‌ಟಸಿ ಅನ್ನೋ ಪಾರ್ಟಿ ಡ್ರಗ್ ಅಂತ ಮಾರುತ್ತಿದ್ದ ಸೂಪರ್‌ಮ್ಯಾನ್ ಗುರುತಿನ ಗುಲಾಬಿ ಮಾತ್ರೆಯಲ್ಲಿ ಪಿಎಂಎಂಎ ಅನ್ನೋ ವಿಷ ಇರೋದು ಇಲ್ಲಿನ ಟೆಸ್ಟ್‌ನಲ್ಲೇ ಗೊತ್ತಾಯಿತು. ಅದು ನಿಧಾನಕ್ಕೆ ಏರುತ್ತದೆ. ಏನೂ ಆಗ್ತಿಲ್ವಲ್ಲ ಅಂತ ಇನ್ನೊಂದು ನುಂಗುತ್ತಾರೆ, ಆಮೇಲೆ ಎರಡೂ ಸೇರಿ ಏರಿ ಮೈ ಕಾದ ಹೆಂಚಾಗುತ್ತದೆ. ಇಲ್ಲಿ ರೆಡ್ ಅಲರ್ಟ್ ಹೊರಟಿತು. ಅದೇ ಮಾತ್ರೆಯಿಂದ ಹೊಸ ವರ್ಷದ ಹೊತ್ತಿಗೆ ಬ್ರಿಟನ್‌ನಲ್ಲಿ ನಾಲ್ವರು ಸತ್ತರು. ಆದರೆ ಗುರುತು ಒಂದೇ ಇದ್ದ ಮಾತ್ರಕ್ಕೆ ಒಳಗಿನ ಸರಕೂ ಒಂದೇ ಅಲ್ಲ. ಗೆಳೆಯನ ಮಾತ್ರೆ ಟೆಸ್ಟ್ ಆಗಿದೆ ಅಂತ ನಿಮ್ಮದನ್ನು ನಂಬಬೇಡಿ.

ಕಾನೂನು ಸಡಿಲ ಅಂತಲೂ ತಿಳಿಯಬೇಡಿ. ಎಕ್ಸ್‌ಟಸಿ, ಕೊಕೇನ್ ಇಲ್ಲೂ ನಿಷೇಧವೇ. ಒಂದು ಮಾತ್ರೆ ಸಿಕ್ಕರೆ ಸಾಮಾನ್ಯವಾಗಿ ಕಿತ್ತುಕೊಂಡು ಬಿಡುತ್ತಾರೆ, ಕೇಸ್ ಹಾಕೋದಿಲ್ಲ. ಮಾರುವ ಕೆಲಸಕ್ಕೆ ಕೈ ಹಾಕಿದರೆ ಕಥೆಯೇ ಬೇರೆ.

ಯಾರಿಗಾದರೂ ಮೈ ಸುಡುತ್ತಿದ್ದರೆ, ಮಾತು ತಡವರಿಸಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ 112ಕ್ಕೆ ಫೋನ್ ಮಾಡಿ. ಪ್ರಜ್ಞೆ ತಪ್ಪಿ ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಿಟ್ಟು ಹೋಗಬೇಡಿ. ಆಂಬುಲೆನ್ಸ್ ಬಿಲ್ಲು ಇಲ್ಲಿನ ಬೇಸಿಕ್ ಇನ್ಶೂರೆನ್ಸ್‌ನ ಎಯ್ಗನ್ ರಿಸಿಕೋದಲ್ಲಿ, ಅಂದರೆ ಇನ್ಶೂರೆನ್ಸ್ ಕೊಡುವ ಮೊದಲು ನೀವೇ ಕಟ್ಟಬೇಕಾದ ಪಾಲಿನಲ್ಲಿ ಬರುತ್ತದೆ, 385 ಯೂರೋವರೆಗೆ ನಿಮ್ಮ ಕೈಯಿಂದ ಹೋಗಬಹುದು. ಹೋಗಲಿ. ಪೊಲೀಸ್, ವೀಸಾ ಅಂತ ಹೆದರಿ ಅರ್ಧ ಗಂಟೆ ಸುಮ್ನೆ ಕೂತವರ ಕಥೆ ಕೇಳಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. 2014ರಲ್ಲೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಕೊಕೇನ್ ಅಂತ ಬಿಳಿ ಹೆರಾಯಿನ್ ಮಾರಿ ಪ್ರವಾಸಿಗರು ಸತ್ತಾಗ, ನಗರದವರು ಬೀದಿಯಲ್ಲಿ ದೊಡ್ಡ ಬೋರ್ಡ್ ನಿಲ್ಲಿಸಿ, ಬಳಸಿದ್ದಕ್ಕೆ ನಿಮ್ಮನ್ನು ಬಂಧಿಸೋದಿಲ್ಲ, ಆಂಬುಲೆನ್ಸ್ ಕರೆಯಿರಿ ಅಂತ ಬರೆಸಿದ್ದರು. 112ರಲ್ಲಿ ಇಂಗ್ಲಿಷ್ ಸಾಕು. ಏನು ತಗೊಂಡಿದ್ದು, ಎಷ್ಟು ಹೊತ್ತಿಗೆ ಅನ್ನೋದನ್ನು ಮುಚ್ಚಿಡದೆ ಹೇಳಿ.