ಯಾವುದಕ್ಕೆ ಹೋಲಿಸಿ? ಡಿಗ್ರಿಯಲ್ಲೇ ಒಂದು ಒಳ್ಳೆಯ ಅರ್ಥಶಾಸ್ತ್ರ ಪ್ರಾಜೆಕ್ಟ್ ಮಾಡುವುದು ಹೇಗೆ

ಡಿಗ್ರಿಯ ಕೊನೇ ವರ್ಷ. ಪ್ರಾಜೆಕ್ಟಿಗೆ ವಿಷಯ ಏನು ಅಂತ ಗೈಡ್ ಕೇಳುತ್ತಾರೆ. ಆಗ ಹೆಚ್ಚಿನವರು ಬರೆದುಕೊಡುವುದು ‘ನಿರುದ್ಯೋಗ: ಒಂದು ಅಧ್ಯಯನ’ ಅಂತಲೋ, ‘ಬೆಲೆ ಏರಿಕೆ ಮತ್ತು ಅದರ ಪರಿಣಾಮಗಳು’ ಅಂತಲೋ. ಇವು ಪಠ್ಯಪುಸ್ತಕದ ಪಾಠದ ಹೆಸರುಗಳು. ಇವುಗಳ ಮೇಲೆ ನೂರು ಪುಟ ಬರೆದರೂ ಯಾವ ಉತ್ತರವೂ ಸಿಗುವುದಿಲ್ಲ, ಯಾಕೆಂದರೆ ಯಾರೂ ಪ್ರಶ್ನೆಯನ್ನೇ ಕೇಳಿಲ್ಲ.

ಅರ್ಥಶಾಸ್ತ್ರ ಅಂದರೆ ಬಜೆಟ್ಟು, ಬ್ಯಾಂಕು, ಷೇರುಪೇಟೆ ಅಷ್ಟೇ ಅಂದುಕೊಂಡರೆ ಹೀಗಾಗುತ್ತದೆ. ಕ್ಯೂ ಉದ್ದ ಇದ್ದರೆ ಜನ ನಿಲ್ಲುತ್ತಾರಾ, ವಾಪಸ್ ಹೋಗುತ್ತಾರಾ? ದಂಡ ಹಾಕಿದರೆ ತಪ್ಪು ಕಡಿಮೆ ಆಗುತ್ತದಾ? ಬಸ್ಸಿನ ಸಮಯ ಬದಲಾದರೆ ಮೊದಲ ಕ್ಲಾಸಿನ ಹಾಜರಿ ಬದಲಾಗುತ್ತದಾ? ಇವೆಲ್ಲ ಅರ್ಥಶಾಸ್ತ್ರವೇ. ಜನರ ಹತ್ತಿರ ಇರುವ ಸಮಯ, ದುಡ್ಡು, ತಾಳ್ಮೆ ಎಲ್ಲವೂ ಸ್ವಲ್ಪವೇ. ಅದನ್ನು ಯಾವುದಕ್ಕೆ ಖರ್ಚು ಮಾಡುತ್ತಾರೆ, ನಿಯಮ ಬದಲಾದಾಗ ಅವರ ಲೆಕ್ಕಾಚಾರ ಹೇಗೆ ಬದಲಾಗುತ್ತದೆ ಅನ್ನೋದನ್ನು ನೋಡುವುದೇ ಇಲ್ಲಿ ಕೆಲಸ. ಇದಕ್ಕೆ ಪಿಎಚ್‌.ಡಿ ಬೇಕಾಗಿಲ್ಲ. ಒಂದು ಸೆಮಿಸ್ಟರ್ ಸಾಕು. ಆದರೆ ಪ್ರತಿ ಹಂತದಲ್ಲೂ ‘ಯಾವುದಕ್ಕೆ ಹೋಲಿಸಿ?’ ಅಂತ ಕೇಳಿಕೊಳ್ಳುವ ಅಭ್ಯಾಸ ಬೇಕು. ಈ ಲೇಖನ ಪೂರ್ತಿ ಆ ಒಂದು ಮಾತಿನ ಸುತ್ತಲೇ ಇದೆ.

ಪ್ರಶ್ನೆ ಹುಡುಕುವುದು

ಒಂದು ವಾರ ಜೇಬಿನಲ್ಲಿ ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ‘ಇದು ಯಾಕೆ ಹೀಗೆ?’ ಅಂತ ಅನಿಸಿದ್ದನ್ನೆಲ್ಲ ಬರೆಯಿರಿ. ವಾರದ ಕೊನೆಗೆ ಹತ್ತಿಪ್ಪತ್ತು ಸಾಲು ಆಗಿರುತ್ತದೆ, ಬಹಳಷ್ಟು ಉಪಯೋಗಕ್ಕೆ ಬರುವುದಿಲ್ಲ, ಪರವಾಗಿಲ್ಲ. ಪ್ರತಿಯೊಂದನ್ನೂ ಹೀಗೆ ತಟ್ಟಿ ನೋಡಿ: ಇದರ ಉತ್ತರ ‘ಇಲ್ಲ’ ಅಂತ ಬರಲು ಸಾಧ್ಯವಾ? ಯಾರ ಯಾವ ನಿರ್ಧಾರದ ಬಗ್ಗೆ ಕೇಳುತ್ತಿದ್ದೇನೆ? ಅಂಕಿ ಅಂಶ ಎಲ್ಲಿ ಬಿದ್ದಿದೆ, ನನ್ನ ಕೈಗೆ ಸಿಗುತ್ತದಾ? ಮೊದಲನೆಯದು ಬಹಳ ಮುಖ್ಯ. ‘ಶಿಕ್ಷಣದಿಂದ ಅಭಿವೃದ್ಧಿ ಆಗುತ್ತದೆ’ ಅನ್ನೋದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ. ಹಾಗಾಗಿ ಅಲ್ಲಿ ಕಂಡುಹಿಡಿಯುವಂಥದ್ದು ಏನೂ ಉಳಿದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ಮುಂದೆ ಹೋಗೋಣ. ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕ ತಡವಾಗಿ ತಂದವರಿಗೆ ಹಾಕುತ್ತಿದ್ದ ದಂಡ ತೆಗೆದುಹಾಕಿದರು ಅಂದುಕೊಳ್ಳಿ. ‘ಲೈಬ್ರರಿ ದಂಡ: ಒಂದು ಅಧ್ಯಯನ’ ಅನ್ನೋದು ವಿಷಯ ಆಯಿತು. ‘ದಂಡ ತೆಗೆದ ಮೇಲೆ ಪುಸ್ತಕಗಳು ಮೊದಲಿಗಿಂತ ತಡವಾಗಿ ವಾಪಸ್ ಬರುತ್ತಿವೆಯಾ, ಬರುತ್ತಿದ್ದರೆ ಎಷ್ಟು ದಿನ?’ ಅನ್ನೋದು ಪ್ರಶ್ನೆ. ಚಿಕ್ಕದಾಗಿ ಕಾಣುತ್ತದೆ, ಅಲ್ವಾ? ಚಿಕ್ಕದಾಗಿಯೇ ಇರಲಿ. ನೋಡುವಷ್ಟು ಹತ್ತಿರ ಹೋಗಬೇಕೆಂದರೆ ವಿಷಯ ಚಿಕ್ಕದಿರಬೇಕು.

ಡೇಟಾ ನೋಡುವ ಮೊದಲು ಊಹೆ ಬರೆದಿಡಿ

ಇದನ್ನು ಹಾರಿಸಿಬಿಡುವವರು ಜಾಸ್ತಿ. ದಯವಿಟ್ಟು ಹಾರಿಸಬೇಡಿ. ಏನಾಗುತ್ತದೆ ಅಂದುಕೊಂಡಿದ್ದೀರಿ, ಯಾಕೆ, ಅದನ್ನು ನಾಲ್ಕು ಸಾಲಿನಲ್ಲಿ ಬರೆದು ತಾರೀಕು ಹಾಕಿ. ಫಲಿತಾಂಶ ಕಂಡ ಮೇಲೆ ‘ನಂಗೆ ಮೊದಲೇ ಗೊತ್ತಿತ್ತು’ ಅಂತ ನಮಗೆ ನಾವೇ ಹೇಳಿಕೊಳ್ಳುವುದು ತೀರಾ ಸುಲಭ.

ಊಹೆ ಹೇಗೆ ತಲೆಕೆಳಗಾಗಬಹುದು ನೋಡಿ. ಇಸ್ರೇಲಿನ ಹೈಫಾದಲ್ಲಿ ಉರಿ ನೀಜಿ ಮತ್ತು ಆಲ್ಡೊ ರುಸ್ಟಿಕಿನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 10 ಡೇ ಕೇರ್‌ಗಳನ್ನು 20 ವಾರ ಗಮನಿಸಿದರು. ಮಕ್ಕಳನ್ನು ಕರೆದುಕೊಂಡು ಹೋಗಲು ಅಪ್ಪ ಅಮ್ಮ ತಡವಾಗಿ ಬರುತ್ತಿದ್ದರು. ಐದನೇ ವಾರದಿಂದ 6 ಕಡೆ ದಂಡ ಶುರು ಮಾಡಿದರು, ಉಳಿದ 4 ಕಡೆ ಇದ್ದ ಹಾಗೇ ಬಿಟ್ಟರು. ದಂಡ ಹಾಕಿದರೆ ತಡ ಕಡಿಮೆ ಆಗಬೇಕು, ಅಲ್ವಾ? ಜಾಸ್ತಿ ಆಯಿತು. ತಡವಾಗಿ ಬರುವವರ ಸಂಖ್ಯೆ ಹೆಚ್ಚೂಕಡಿಮೆ ಎರಡರಷ್ಟಾಯಿತು. 17ನೇ ವಾರಕ್ಕೆ ದಂಡ ತೆಗೆದರೂ ಅದು ಕೆಳಗೆ ಇಳಿಯಲಿಲ್ಲ. ಮೊದಲು ‘ಪಾಪ, ಟೀಚರ್ ಕಾಯುತ್ತಾ ಇರುತ್ತಾರೆ’ ಅನ್ನೋ ಮುಜುಗರ ಇತ್ತು. ದಂಡ ಬಂದ ಮೇಲೆ ಅದು ಹೆಚ್ಚುವರಿ ಸಮಯಕ್ಕೆ ಕೊಡುವ ಬೆಲೆ ಆಯಿತು. ದುಡ್ಡು ಕೊಟ್ಟ ಮೇಲೆ ಮುಜುಗರ ಯಾಕೆ? 2000ದಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ದೊಡ್ಡ ಗಣಿತ ಏನೂ ಇಲ್ಲ. ಎಷ್ಟು ಜನ ತಡವಾಗಿ ಬಂದರು ಅಂತ ಎಣಿಸಿದ್ದಾರೆ, ಅಷ್ಟೇ. ಆದರೆ ಆ 4 ಡೇ ಕೇರ್‌ಗಳು ಇಲ್ಲದಿದ್ದರೆ ‘ಆ ತಿಂಗಳು ಎಲ್ಲ ಕಡೆ ತಡ ಜಾಸ್ತಿ ಇತ್ತೇನೋ’ ಅಂತ ಯಾರಾದರೂ ತಳ್ಳಿಹಾಕಬಹುದಿತ್ತು.

ಹೋಲಿಕೆ ಕಟ್ಟುವುದು

ಲೈಬ್ರರಿಗೆ ವಾಪಸ್ ಬರೋಣ. ದಂಡ ಇದ್ದಾಗ ಪುಸ್ತಕಗಳು ಸರಾಸರಿ 6 ದಿನ ತಡವಾಗಿ ಬರುತ್ತಿದ್ದವು, ತೆಗೆದ ಮೇಲೆ 9 ದಿನ ಅಂದುಕೊಳ್ಳಿ. ಮೂರು ದಿನ ಜಾಸ್ತಿಯಾಯಿತು, ದಂಡ ಇರಬೇಕಿತ್ತು ಅಂತ ಬರೆದು ಮುಗಿಸಬಹುದಾ? ತಾಳಿ. ದಂಡ ತೆಗೆದಿದ್ದು ಪರೀಕ್ಷೆಗೆ ಸ್ವಲ್ಪ ಮುಂಚೆ ಆಗಿದ್ದರೆ? ಪರೀಕ್ಷೆ ಹತ್ತಿರ ಬಂದರೆ ದಂಡ ಇರಲಿ, ಬಿಡಲಿ, ಪುಸ್ತಕ ಯಾರೂ ಬೇಗ ಬಿಟ್ಟುಕೊಡುವುದಿಲ್ಲ.

ಅದೇ ಕಾಲೇಜಿನಲ್ಲಿ ಒಂದು ಡಿಪಾರ್ಟ್‌ಮೆಂಟ್ ಲೈಬ್ರರಿ ಇದೆ, ಅಲ್ಲಿ ದಂಡ ತೆಗೆದಿಲ್ಲ ಅಂತಿಟ್ಟುಕೊಳ್ಳಿ. ಅಲ್ಲಿ ಅದೇ ತಿಂಗಳುಗಳಲ್ಲಿ ಸರಾಸರಿ 5 ದಿನ ಇದ್ದದ್ದು 7 ಆಗಿದೆ. ದಂಡ ಮುಟ್ಟದೇ ಇರುವ ಕಡೆಯೂ ಎರಡು ದಿನ ಏರಿದೆ. ಹಾಗಾದರೆ ಆ ಮೂರು ದಿನದಲ್ಲಿ ಎರಡು ದಿನ ಪರೀಕ್ಷೆಯದ್ದು. ದಂಡದ್ದು ಒಂದೇ ದಿನ. ಈ ಲೆಕ್ಕಕ್ಕೆ ‘ಡಿಫರೆನ್ಸ್ ಇನ್ ಡಿಫರೆನ್ಸಸ್’ ಅಂತ ದೊಡ್ಡ ಹೆಸರಿದೆ. ಮಾಡಿದ್ದು ಮೂರು ಕಳೆಯುವ ಲೆಕ್ಕ.

ಇದೇ ಕಳೆಯುವ ಲೆಕ್ಕ ಒಂದು ಕಾಲದಲ್ಲಿ ಇಡೀ ಅರ್ಥಶಾಸ್ತ್ರವನ್ನು ಅಲುಗಾಡಿಸಿತು. ಕನಿಷ್ಠ ವೇತನ ಏರಿಸಿದರೆ ಮಾಲೀಕರು ಜನರನ್ನು ತೆಗೆಯುತ್ತಾರೆ ಅಂತ ಪುಸ್ತಕಗಳು ಹೇಳುತ್ತಿದ್ದವು. ಅಮೆರಿಕದ ನ್ಯೂಜೆರ್ಸಿ ರಾಜ್ಯ 1992ರ ಏಪ್ರಿಲ್ 1ರಂದು ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಆಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ಎರಡೂ ಕಡೆಯ 410 ಫಾಸ್ಟ್‌ಫುಡ್ ಮಳಿಗೆಗಳಲ್ಲಿ ಎಷ್ಟು ನೌಕರರಿದ್ದಾರೆ ಅಂತ ಫೋನ್ ಮಾಡಿಸಿ ಕೇಳಿದರು, ಏರಿಕೆಗೆ ಮುಂಚೆ ಒಂದು ಸಲ, ವರ್ಷದ ಕೊನೆಗೆ ಇನ್ನೊಂದು ಸಲ. ಇಬ್ಬರು ಪಾರ್ಟ್‌ಟೈಮ್ ನೌಕರರನ್ನು ಒಬ್ಬ ಫುಲ್‌ಟೈಮ್ ಅಂತ ಲೆಕ್ಕ ಹಿಡಿದರು. ನ್ಯೂಜೆರ್ಸಿಯಲ್ಲಿ ಒಂದು ಮಳಿಗೆಗೆ ಸರಾಸರಿ 20.44 ಇದ್ದದ್ದು 21.03 ಆಯಿತು. ಪೆನ್ಸಿಲ್ವೇನಿಯಾದಲ್ಲಿ 23.33 ಇದ್ದದ್ದು 21.17ಕ್ಕೆ ಇಳಿಯಿತು. ಬರೀ ನ್ಯೂಜೆರ್ಸಿ ನೋಡಿದ್ದರೆ ‘ಏನೂ ಬದಲಾಗಿಲ್ಲ’ ಅನ್ನುತ್ತಿದ್ದೆವು. ಪಕ್ಕದ ರಾಜ್ಯ ಇಟ್ಟು ನೋಡಿದರೆ ಹೋಲಿಕೆಯಲ್ಲಿ ಸುಮಾರು ಎರಡೂಮುಕ್ಕಾಲು ನೌಕರರು ಜಾಸ್ತಿ. ಈ ಪ್ರಬಂಧ 1994ರಲ್ಲಿ ಬಂತು, ಅದರ ಮೇಲೆ ದೊಡ್ಡ ವಾದವೇ ನಡೆಯಿತು, ಬೇರೆ ಅರ್ಥಶಾಸ್ತ್ರಜ್ಞರು ಸಂಬಳದ ದಾಖಲೆ ತಂದು ಪ್ರಶ್ನಿಸಿದರು, ಇವರು ಸರ್ಕಾರಿ ದಾಖಲೆ ತಂದು ಉತ್ತರಿಸಿದರು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಕ್ರೂಗರ್ 2019ರಲ್ಲೇ ತೀರಿಕೊಂಡಿದ್ದರು.

ಹೋಲಿಕೆಗೆ ಯಾವುದು ಬೇಕಾದರೂ ಆಗುವುದಿಲ್ಲ, ನೆನಪಿರಲಿ. ನಿಯಮ ಬದಲಾಗುವ ಮೊದಲು ಎರಡೂ ಕಡೆ ಒಂದೇ ತರಹ ಏರಿಳಿತ ಇತ್ತಾ ಅಂತ ಹಿಂದಿನ ಕೆಲವು ತಿಂಗಳು ನೋಡಿ. ಡಿಪಾರ್ಟ್‌ಮೆಂಟ್ ಲೈಬ್ರರಿಗೆ ಬರೀ ಎಂ.ಎ ಓದುವವರು ಬರುತ್ತಿದ್ದರೆ, ಅವರ ಪರೀಕ್ಷೆ ಬೇರೆ ತಿಂಗಳಲ್ಲಿ ಇದ್ದರೆ, ಅದು ಹೋಲಿಕೆಯೇ ಅಲ್ಲ. ಪ್ರಾಜೆಕ್ಟಿನ ಅರ್ಧ ತಲೆಕೆಲಸ ಇಲ್ಲೇ ಖರ್ಚಾಗಬೇಕು.

ಡೇಟಾ ತರುವುದು

ಪ್ರಾಜೆಕ್ಟ್ ಅಂದ ಕೂಡಲೇ ಪ್ರಶ್ನಾವಳಿ ಮಾಡಿ ಗೂಗಲ್ ಫಾರ್ಮ್ ಕಳಿಸಿಬಿಡುತ್ತಾರೆ. ಅದು ಕೊನೇ ದಾರಿ ಆಗಿರಲಿ. ‘ದಂಡ ಇಲ್ಲದಿದ್ದರೆ ಪುಸ್ತಕ ತಡವಾಗಿ ತರುತ್ತೀರಾ?’ ಅಂತ ಕೇಳಿದರೆ ಎಲ್ಲರೂ ಒಳ್ಳೆಯವರೇ. ಜನ ಏನು ಹೇಳುತ್ತಾರೆ ಅನ್ನೋದಕ್ಕಿಂತ ಏನು ಮಾಡಿದ್ದಾರೆ ಅನ್ನೋ ದಾಖಲೆ ಹುಡುಕಿ: ರಿಜಿಸ್ಟರ್, ರಸೀದಿ, ಹಾಜರಿ ಪುಸ್ತಕ, ಸರ್ಕಾರ ಪ್ರಕಟಿಸುವ ಅಂಕಿ ಅಂಶ. ಸರ್ವೇ ಮಾಡಲೇಬೇಕಾದರೆ ಎಷ್ಟು ಜನ ಉತ್ತರಿಸಿದರು ಅನ್ನೋದಕ್ಕಿಂತ ಯಾರು ಉತ್ತರಿಸಿದರು ಅಂತ ನೋಡಿ. 1936ರ ಅಮೆರಿಕದ ಚುನಾವಣೆಗೆ ಒಂದು ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಜನರ ಉತ್ತರ ಇಟ್ಟುಕೊಂಡು ಲ್ಯಾಂಡನ್ ಗೆಲ್ಲುತ್ತಾರೆ ಅಂದಿತು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ನಿಮ್ಮ ವಾಟ್ಸಾಪ್ ಗ್ರೂಪಿನ 80 ಜನಕ್ಕೂ ಇದೇ ಮಾತು.

ಈಗ ಲೈಬ್ರರಿ ರಿಜಿಸ್ಟರ್ ಸಿಕ್ಕಿತು ಅನ್ನಿ. ನಾಲ್ಕು ಕಾಲಂ: ಪುಸ್ತಕದ ನಂಬರ್, ತೆಗೆದುಕೊಂಡ ದಿನ, ಕೊಡಬೇಕಾದ ದಿನ, ಕೊಟ್ಟ ದಿನ. ಮೊದಲ ನೂರು ಸಾಲುಗಳನ್ನು ಕಣ್ಣಲ್ಲೇ ಓದಿ, ಯಾವ ಸೂತ್ರವನ್ನೂ ಹಾಕಬೇಡಿ. ನವೆಂಬರ್ 31 ಅಂತ ಒಂದು ತಾರೀಕು ಇರುತ್ತದೆ. ತೆಗೆದುಕೊಳ್ಳುವ ಮೊದಲೇ ವಾಪಸ್ ಬಂದ ಪುಸ್ತಕ ಒಂದು ಇರುತ್ತದೆ. ಭಾನುವಾರ ಒಂದೂ ಪುಸ್ತಕ ಬಂದಿರುವುದಿಲ್ಲ, ಸೋಮವಾರ ರಾಶಿ ಬಂದಿರುತ್ತವೆ. ಇನ್ನು ಕೆಲವು ಸಾಲುಗಳಲ್ಲಿ ಕೊನೇ ಕಾಲಂ ಖಾಲಿ.

ಆ ಖಾಲಿ ಕಾಲಂ ಹತ್ತಿರ ಸ್ವಲ್ಪ ನಿಲ್ಲಿ. ಡೇಟಾ ಇಲ್ಲ ಅಂತ ಆ ಸಾಲುಗಳನ್ನು ಅಳಿಸಿಬಿಡಬೇಕು ಅನಿಸುತ್ತದೆ. ಆದರೆ ಅವು ಇನ್ನೂ ವಾಪಸ್ ಬರದ ಪುಸ್ತಕಗಳು. ಎಲ್ಲಕ್ಕಿಂತ ಹೆಚ್ಚು ತಡ ಆಗಿರುವುದು ಇವೇ ಇರಬಹುದು. ಇವನ್ನು ಬಿಟ್ಟು ಸರಾಸರಿ ತೆಗೆದರೆ ದಂಡ ತೆಗೆದಿದ್ದರಿಂದ ಏನೂ ಆಗಿಲ್ಲ ಅಂತ ಕಾಣಬಹುದು, ನಿಜವಾಗಿ ಪುಸ್ತಕಗಳು ಬಂದೇ ಇಲ್ಲದಿದ್ದರೂ! ಇದಕ್ಕೆ ಸುಲಭದ ಉಪಾಯ ಇದೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ: ‘ಗಡುವು ಮುಗಿದು 30 ದಿನದೊಳಗೆ ನೂರರಲ್ಲಿ ಎಷ್ಟು ಪುಸ್ತಕ ಬಂದವು?’ ಗಡುವು ಮುಗಿದು 30 ದಿನ ಕಳೆದಿರುವ ಸಾಲುಗಳನ್ನಷ್ಟೇ ತೆಗೆದುಕೊಂಡರೆ ಬಾರದ ಪುಸ್ತಕಕ್ಕೂ ಇದರಲ್ಲಿ ಜಾಗ ಇದೆ, ಅದು ‘ಬರಲಿಲ್ಲ’ ಅನ್ನೋ ಕಡೆ ಎಣಿಕೆಗೆ ಬರುತ್ತದೆ.

ಓದುಗರ ಹೆಸರು, ಫೋನ್ ನಂಬರ್ ನಿಮಗೆ ಬೇಡ. ಅವನ್ನು ತೆಗೆದು ಕೊಡಿ ಅಂತ ಲೈಬ್ರೇರಿಯನ್ ಹತ್ತಿರ ಮೊದಲೇ ಕೇಳಿ, ಅನುಮತಿಯನ್ನು ಬರಹದಲ್ಲಿ ಪಡೆಯಿರಿ.

ಲೆಕ್ಕ

ಎಕ್ಸೆಲ್ ಸಾಕು. ಆರ್ (R) ಅಥವಾ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಬಂದರೆ ಒಳ್ಳೆಯದು, ಎರಡೂ ಉಚಿತ. ಮೂಲ ಫೈಲ್ ಒಂದು ಕಡೆ ಹಾಗೇ ಇರಲಿ, ಅದನ್ನು ಮುಟ್ಟಬೇಡಿ. ಏನೇ ತಿದ್ದಿದರೂ ಕಾಪಿಯಲ್ಲಿ ತಿದ್ದಿ, ಏನು ತಿದ್ದಿದೆ, ಯಾಕೆ ಅಂತ ಬರೆದಿಡಿ. ಸರಾಸರಿಯ ಜೊತೆ ಮೀಡಿಯನ್ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) ಕೂಡ ತೆಗೆಯಿರಿ, 400 ದಿನ ತಡವಾದ ಒಂದು ಪುಸ್ತಕ ಸರಾಸರಿಯನ್ನು ಎಲ್ಲಿಗೋ ಎಳೆದುಕೊಂಡು ಹೋಗುತ್ತದೆ. ರಿಗ್ರೆಶನ್ (ಒಂದು ಬದಲಾದಾಗ ಇನ್ನೊಂದು ಎಷ್ಟು ಬದಲಾಗುತ್ತದೆ ಅಂತ ಅಂದಾಜು ಮಾಡುವ ಲೆಕ್ಕ) ಬೇಕೇ ಬೇಕಾ ಅಂತ ವಿದ್ಯಾರ್ಥಿಗಳು ಕೇಳುತ್ತಿರುತ್ತಾರೆ. ಹೋಲಿಕೆ ಗಟ್ಟಿಯಾಗಿದ್ದರೆ ರಿಗ್ರೆಶನ್ ಅದನ್ನು ಇನ್ನಷ್ಟು ನಿಖರ ಮಾಡುತ್ತದೆ. ಹೋಲಿಕೆಯೇ ಇಲ್ಲದಿದ್ದರೆ ರಿಗ್ರೆಶನ್ ಸುಮ್ನೆ ಅಲಂಕಾರ.

ಬೇರೆಯವರಿಗೆ ನಿಮ್ಮ ಫೈಲ್ ತೆರೆದು ನೋಡಲು ಆಗಬೇಕು. ಇದು ಯಾಕೆ ಅಂತ ಒಂದು ಘಟನೆ ಹೇಳುತ್ತೇನೆ. ಸರ್ಕಾರದ ಸಾಲ ಜಿಡಿಪಿಯ (ದೇಶದ ಒಂದು ವರ್ಷದ ಒಟ್ಟು ಉತ್ಪಾದನೆಯ) ಶೇ 90 ದಾಟಿದ ದೇಶಗಳ ಬೆಳವಣಿಗೆ ಸರಾಸರಿ ಶೇ –0.1 ಅಂತ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ಬರೆದಿದ್ದರು. ಖರ್ಚು ಕಡಿತ ಬೇಕು ಅನ್ನುವ ರಾಜಕಾರಣಿಗಳು ಇದನ್ನೇ ಹಿಡಿದುಕೊಂಡಿದ್ದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕ್ಯಾಂಪಸ್ಸಿನಲ್ಲಿ ಡಾಕ್ಟರೇಟ್ ಓದುತ್ತಿದ್ದ ಥಾಮಸ್ ಹರ್ಂಡನ್‌ಗೆ ಕ್ಲಾಸಿನ ಹೋಂವರ್ಕ್ ಇತ್ತು: ಪ್ರಕಟವಾದ ಒಂದು ಪ್ರಬಂಧದ ಲೆಕ್ಕವನ್ನು ಮತ್ತೆ ಮಾಡಿ ನೋಡಿ ಅಂತ. ಅವರಿಗೆ ಉತ್ತರ ಹೊಂದಲೇ ಇಲ್ಲ. ಲೇಖಕರನ್ನೇ ಕೇಳಿ ಸ್ಪ್ರೆಡ್‌ಶೀಟ್ ತರಿಸಿಕೊಂಡರು. ಸರಾಸರಿಯ ಸೂತ್ರದಲ್ಲಿ ಐದು ದೇಶಗಳ ಸಾಲುಗಳು ಸೇರಿಯೇ ಇರಲಿಲ್ಲ. ಅದರ ಜೊತೆ ಕೆಲವು ವರ್ಷಗಳ ಅಂಕಿಗಳು ಬಿಟ್ಟುಹೋಗಿದ್ದವು, ದೇಶಗಳಿಗೆ ತೂಕ ಕೊಟ್ಟ ರೀತಿಯಲ್ಲೂ ಪ್ರಶ್ನೆ ಇತ್ತು. ಹರ್ಂಡನ್ ಮತ್ತು ಅವರ ಇಬ್ಬರು ಪ್ರೊಫೆಸರ್‌ಗಳು 2013ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಬಂದದ್ದು ಶೇ 2.2. ಹೊಸ ವಿಷಯ ಹೊಳೆಯುತ್ತಿಲ್ಲ ಅನ್ನುವವರು ಹೀಗೆ ಬೇರೆಯವರ ಲೆಕ್ಕವನ್ನು ಮತ್ತೆ ಮಾಡಿ ನೋಡಬಹುದು, ಡಿಗ್ರಿಯಲ್ಲಿ ಇದಕ್ಕಿಂತ ಒಳ್ಳೆಯ ಕಲಿಕೆ ನನಗೆ ಗೊತ್ತಿಲ್ಲ.

ಬರೆಯುವುದು

‘ಪ್ರಾಚೀನ ಕಾಲದಿಂದಲೂ ಗ್ರಂಥಾಲಯಗಳು’ ಅಂತ ಶುರು ಮಾಡಬೇಡಿ. ಮೊದಲ ಪುಟದಲ್ಲೇ ಪ್ರಶ್ನೆ, ಯಾವುದಕ್ಕೆ ಹೋಲಿಸಿದ್ದೀರಿ, ಏನು ಸಿಕ್ಕಿತು, ಇಷ್ಟನ್ನೂ ಹೇಳಿಬಿಡಿ. ಒಂದು ಮುಖ್ಯ ಕೋಷ್ಟಕ ಇರಲಿ, ಅದನ್ನು ನೋಡಿದರೆ ಸಾಕು ಉತ್ತರ ಗೊತ್ತಾಗಬೇಕು. ನಿಮ್ಮ ಊಹೆ ತಪ್ಪಾಗಿದ್ದರೆ ತಪ್ಪಾಯಿತು ಅಂತಲೇ ಬರೆಯಿರಿ, ಅದಕ್ಕೆ ಅಂಕ ಕಡಿಮೆ ಆಗುವುದಿಲ್ಲ, ಆಗಬಾರದು. ನಿಮ್ಮ ಉತ್ತರ ಎಲ್ಲಿ ಅಲ್ಲಾಡಬಹುದು ಅನ್ನೋದನ್ನೂ ನೀವೇ ಬರೆದಿಡಿ. ವೈವಾದಲ್ಲಿ ‘ಪರೀಕ್ಷೆ ಹತ್ತಿರ ಇದ್ದದ್ದಕ್ಕೆ ಹೀಗಾಗಿರಬಹುದಲ್ಲ?’ ಅಂತ ಕೇಳಿಯೇ ಕೇಳುತ್ತಾರೆ. ಆಗ ಡಿಪಾರ್ಟ್‌ಮೆಂಟ್ ಲೈಬ್ರರಿಯ ಸಾಲನ್ನು ಬೆರಳಿಟ್ಟು ತೋರಿಸಿ.

ಬೈಂಡಿಂಗ್‌ಗೆ ಕೊಡುವ ಮೊದಲು ಇನ್ನೊಂದು ಕೆಲಸ ಮಾಡಿ. ಇಡೀ ಪ್ರಾಜೆಕ್ಟನ್ನು ಒಂದೇ ಪುಟದಲ್ಲಿ, ಅರ್ಥಶಾಸ್ತ್ರದ ಒಂದು ಪದವನ್ನೂ ಬಳಸದೆ ಬರೆದು, ರಿಜಿಸ್ಟರ್ ಕೊಟ್ಟ ಲೈಬ್ರೇರಿಯನ್ ಕೈಗೆ ಕೊಡಿ. ದಂಡ ಇರಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು ಅವರೇ, ಮತ್ತು ಆ ಭಾನುವಾರದ ಪುಸ್ತಕಗಳೆಲ್ಲ ಸೋಮವಾರದ ಲೆಕ್ಕಕ್ಕೆ ಯಾಕೆ ಹೋಗುತ್ತವೆ ಅಂತ ಗೊತ್ತಿರುವವರೂ ಅವರೇ.