ಡಿವೈಸ್ ಫೈಲ್ ಎರಡೆರಡು ಕಂಡರೆ ಅಳಿಸುವ ಮೊದಲು ಇಷ್ಟು ನೋಡಿ

ಲಿನಕ್ಸ್‌ನಲ್ಲಿ ಕಳ್ಳ ಪ್ರೋಗ್ರಾಂಗಳನ್ನು ಹುಡುಕುವ ಆರ್‌ಕೆಹಂಟರ್ ಓಡಿಸಿದಿರಿ. ಡಿಸ್ಕ್‌ನಂಥ ಸಾಧನಗಳನ್ನು ತಲುಪಿಸುವ ಡಿವೈಸ್ ಫೈಲ್‌ಗಳಿರುವ 'ಡೆವ್' ಫೋಲ್ಡರಿನಲ್ಲಿ ಅನುಮಾನಾಸ್ಪದ ಫೈಲ್ ಇದೆ ಎಂಬ ಎಚ್ಚರಿಕೆ ಬಂತು. ಗಾಬರಿಯಲ್ಲಿ ಅಳಿಸಲು ಹೋಗಬೇಡಿ. ಒಳ್ಳೆಯ ಫೈಲ್ ಆಗಿದ್ದರೆ ಯಾವುದೋ ಪ್ರೋಗ್ರಾಂ ಕೆಡುತ್ತದೆ, ಕೆಟ್ಟದ್ದಾಗಿದ್ದರೆ ಸುಳಿವೇ ಹೋಗುತ್ತದೆ.

ಮೊದಲು 'ಎಲ್‌ಎಸ್ -ಎಲ್' ಕೊಟ್ಟು ಸಾಲಿನ ಮೊದಲ ಅಕ್ಷರ ನೋಡಿ. 'ಎಲ್' ಇದ್ದರೆ ಅದು ಇನ್ನೊಂದು ಫೈಲನ್ನು ತೋರಿಸುವ ಬರೀ ಲಿಂಕ್. ಒಂದೇ ಡಿಸ್ಕ್‌ಗೆ ಇಂಥ ಹೆಸರು ನಾಲ್ಕಾರು ಇರುವುದು ಮಾಮೂಲು. 'ಬಿ' ಅಥವಾ 'ಸಿ' ಇದ್ದರೆ ನಿಜವಾದ ಡಿವೈಸ್ ಫೈಲ್. ಆಗ ಗಾತ್ರ ಇರಬೇಕಾದ ಕಡೆ ಎರಡು ಸಂಖ್ಯೆ ಕಾಣುತ್ತವೆ: ಮೇಜರ್, ಮೈನರ್. ಗುಟ್ಟೆಲ್ಲ ಇಲ್ಲೇ ಇದೆ. ಲಿನಕ್ಸ್‌ನ ತಿರುಳಾದ ಕರ್ನಲ್ ಫೈಲಿನ ಹೆಸರು ನೋಡುವುದಿಲ್ಲ, ಬಗೆ ಮತ್ತು ಈ ಜೋಡಿಯನ್ನಷ್ಟೇ ನೋಡುತ್ತದೆ. ಬರೆದದ್ದನ್ನೆಲ್ಲ ಎಸೆಯುವ 'ನಲ್' ಅಂದರೆ ಸಿ 1, 3. 'ಎಸ್‌ಡಿಎ' ಡಿಸ್ಕ್ ಅಂದರೆ ಬಿ 8, 0. ಯಾರೋ 'ಟಿಎಂಪಿ' ಫೋಲ್ಡರಿನಲ್ಲಿ ಬೇರೆ ಹೆಸರಿಟ್ಟು ಬಿ 8, 0 ಮಾಡಿಟ್ಟರೆ ಅದೂ ಅದೇ ಡಿಸ್ಕ್. ಅದನ್ನು ಓದಲು ಅನುಮತಿ ಇದ್ದವರಿಗೆ ಒಳಗಿನ ಫೈಲ್‌ಗಳ ಪರ್ಮಿಶನ್ ಅಡ್ಡಿಯೇ ಆಗುವುದಿಲ್ಲ. ಇದು ನಿಜಕ್ಕೂ ಅಪಾಯ.

ಹಾಗಾಗಿ 'ಡೆವ್' ಹೊರಗೂ ಹುಡುಕಿ. ರೂಟ್ (ಪೂರ್ತಿ ಅಧಿಕಾರವಿರುವ ಬಳಕೆದಾರ) ಆಗಿ 'ಫೈಂಡ್' ಕಮಾಂಡಿಗೆ, ಒಂದು ಪಾರ್ಟಿಷನ್ ದಾಟದಂತೆ ತಡೆಯುವ 'ಎಕ್ಸ್‌ಡೆವ್' ಸೇರಿಸಿ, ಬಿ ಮತ್ತು ಸಿ ಬಗೆಯ ಫೈಲ್ ಕೇಳಿ. ಬೇರೆ ಪಾರ್ಟಿಷನ್‌ಗಳಿದ್ದರೆ ಒಂದೊಂದರಲ್ಲೂ ಓಡಿಸಬೇಕು. ಸಿಕ್ಕಿದ್ದೆಲ್ಲ ಕಳ್ಳಮಾಲು ಅಲ್ಲ. ಕ್ರೂಟ್‌ನಲ್ಲಿ, ಅಂದರೆ ಒಂದೇ ಫೋಲ್ಡರಿಗೆ ಸೀಮಿತವಾಗಿ, ನಡೆಯುವ ಡಿಎನ್‌ಎಸ್ ಸರ್ವರ್ ತನ್ನದೇ 'ನಲ್' ಇಟ್ಟುಕೊಂಡಿರಬಹುದು. ಪ್ರೋಗ್ರಾಂಗಳನ್ನು ಕಂಟೇನರ್‌ಗಳಲ್ಲಿ ಓಡಿಸುವ ಡಾಕರ್‌ನ ಓವರ್‌ಲೇ ಫೋಲ್ಡರಿನಲ್ಲಿ ಸಿ 0, 0 ಕಂಡರೆ ಅದು ಅಳಿಸಿದ ಫೈಲಿನ ಗುರುತು ಅಷ್ಟೇ.

'ಡೆವ್' ಒಳಗಿನ 'ಎಸ್‌ಎಚ್‌ಎಂ'ನಲ್ಲಿ ಸಾಮಾನ್ಯ ಫೈಲ್ ಇದೆ ಅನ್ನುವ ಎಚ್ಚರಿಕೆಯೂ ಬರುತ್ತದೆ. ಅದು ಪ್ರೋಗ್ರಾಂಗಳು ಹಂಚಿಕೊಳ್ಳುವ ಮೆಮೊರಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಅಲ್ಲಿ ಫೈಲ್ ಇಡುತ್ತದೆ. 'ಫ್ಯೂಸರ್' ಕೊಟ್ಟರೆ ಯಾವ ಪ್ರೋಗ್ರಾಂ ಬಳಸುತ್ತಿದೆ ಗೊತ್ತಾಗುತ್ತದೆ. ಖಾತ್ರಿಯಾದ ಮೇಲೆ ಆ ಹೆಸರನ್ನು ಮಾತ್ರ ಆರ್‌ಕೆಹಂಟರ್ ಸೆಟ್ಟಿಂಗ್‌ನ 'ಅಲೋಡೆವ್‌ಫೈಲ್' ಸಾಲಿಗೆ ಸೇರಿಸಿ. ಇಡೀ ಫೋಲ್ಡರಿಗೆ ಸುಮ್ನೆ ವಿನಾಯಿತಿ ಕೊಡಬೇಡಿ.

'ನಲ್' ಮಾಮೂಲಿ ಫೈಲ್ ಆಗಿಬಿಟ್ಟಿದ್ದರೆ, ಬಹುಪಾಲು ರೂಟ್ ಆಗಿ ಓಡಿದ ಯಾವುದೋ ಸ್ಕ್ರಿಪ್ಟ್ ಅದನ್ನು ಅಳಿಸಿರುತ್ತದೆ. ಆ ಮಾಮೂಲಿ ಫೈಲನ್ನು ತೆಗೆದು 'ಎಂಕೆನೋಡ್' ಮೂಲಕ 666 ಪರ್ಮಿಶನ್ (ಎಲ್ಲರೂ ಓದಿ ಬರೆಯಬಹುದು), ಸಿ 1 3 ಕೊಟ್ಟು 'ನಲ್' ಮತ್ತೆ ಮಾಡಿ.

ಯಾರದೆಂದು ತಿಳಿಯದ ಡಿಸ್ಕ್ ಡಿವೈಸ್ ಫೈಲ್ ಉಳಿಯಿತೇ? ಅದನ್ನು ಮಾಡಲು ರೂಟ್ ಅಧಿಕಾರ ಬೇಕು, ಅಂದರೆ ಯಾರಿಗೋ ಅದು ಸಿಕ್ಕಿದೆ. 'ಸ್ಟ್ಯಾಟ್' ಕೊಟ್ಟು ಸಮಯ ಬರೆದುಕೊಳ್ಳಿ, ನೆಟ್‌ವರ್ಕ್ ಬಿಡಿಸಿ, ಡಿಸ್ಕ್‌ನ ಪೂರ್ತಿ ಪ್ರತಿ ತೆಗೆದಿಡಿ. ಆಮೇಲೆ ಸಿಸ್ಟಮ್ ಹೊಸದಾಗಿ ಹಾಕುವುದೇ ಸರಿ. ಆಗ 'ಟಿಎಂಪಿ', 'ಹೋಮ್' ಪಾರ್ಟಿಷನ್‌ಗಳನ್ನು 'ನೋಡೆವ್' ಆಯ್ಕೆಯೊಂದಿಗೆ ಮೌಂಟ್ ಮಾಡಿ. ಅಲ್ಲಿ ಇಟ್ಟ ಡಿವೈಸ್ ಫೈಲ್ ಕೆಲಸವೇ ಮಾಡುವುದಿಲ್ಲ.