ಪಿಎಸ್2 ಅನ್ನು ಎಲ್‌ಇಡಿ ಟಿವಿಗೆ ಜೋಡಿಸುವುದು: ಚಿತ್ರ ನೋಡಿ ತಪ್ಪು ಹಿಡಿಯುವ ಬಗೆ

ಸೋನಿಯ ಹಳೆಯ ಗೇಮ್ ಕನ್ಸೋಲ್ ಪಿಎಸ್2 (ಪ್ಲೇಸ್ಟೇಷನ್ 2) ಜೊತೆ ಬರುವ ಹಳದಿ-ಬಿಳಿ-ಕೆಂಪು ವೈರನ್ನು ಈಗಿನ ದೊಡ್ಡ ಟಿವಿಗೆ ಚುಚ್ಚಿದರೆ ಆಟವೇನೋ ಓಡುತ್ತದೆ. ಆದರೆ ಅಕ್ಷರಗಳ ಅಂಚಿನಲ್ಲಿ ಇರುವೆ ಸಾಲು ಹರಿದಂತೆ ಚುಕ್ಕಿಗಳು ಓಡಾಡುತ್ತವೆ, ಕೆಂಪು ಬಣ್ಣ ಗೆರೆ ದಾಟಿ ಹರಡುತ್ತದೆ. ಇದು ಕನ್ಸೋಲಿನ ದೋಷವಲ್ಲ. ಹಳದಿ ಪಿನ್ನಿನ ಒಂದೇ ತಂತಿಯಲ್ಲಿ ಬೆಳಕೂ ಬಣ್ಣವೂ ಕಲೆತು ಬರುತ್ತವೆ. ಒಮ್ಮೆ ಕಲೆತದ್ದನ್ನು ಯಾವ ಟಿವಿಯೂ ಪೂರ್ತಿ ಬೇರ್ಪಡಿಸಲಾರದು.

ಹಾಗಾಗಿ ನಾನು ಬಳಸುವುದು ಕಾಂಪೊನೆಂಟ್ ಕೇಬಲ್. ಹಸಿರು, ನೀಲಿ, ಕೆಂಪು ಚಿತ್ರಕ್ಕೆ. ಬಿಳಿ ಮತ್ತು ಇನ್ನೊಂದು ಕೆಂಪು ಧ್ವನಿಗೆ. ಪಿಎಸ್2 ಹಿಂದಿರುವ ಎವಿ ಮಲ್ಟಿ ಔಟ್ ಸಾಕೆಟ್ಟೇ ಪಿಎಸ್3ರಲ್ಲೂ ಇದೆ, ಆದ್ದರಿಂದ ಪಿಎಸ್3ಕ್ಕೆಂದು ಮಾರುವ ಕಾಂಪೊನೆಂಟ್ ಕೇಬಲ್ ಧಾರಾಳವಾಗಿ ನಡೆಯುತ್ತದೆ.

ಹೊಸ ಕೇಬಲ್ ಸಿಕ್ಕಿಸುವ ಮುಂಚೆ ಮಾಡಬೇಕಾದ ಒಂದು ಕೆಲಸವಿದೆ. ಹಳದಿ ವೈರಿನಲ್ಲೇ ಕನ್ಸೋಲ್ ಹಾಕಿ, ಡಿಸ್ಕ್ ಹಾಕದೆ ಆನ್ ಮಾಡಿ. ಸಿಸ್ಟಮ್ ಕಾನ್ಫಿಗರೇಶನ್ ಒಳಗೆ ಕಾಂಪೊನೆಂಟ್ ವಿಡಿಯೋ ಔಟ್ ಎಂಬ ಸಾಲು ಇರುತ್ತದೆ. ಅದು ಆರ್‌ಜಿಬಿ ಎಂದಿದ್ದರೆ ವೈ ಸಿಬಿ/ಪಿಬಿ ಸಿಆರ್/ಪಿಆರ್ ಎಂದು ಬದಲಿಸಿ. ಅಲ್ಲೇ ಸ್ಕ್ರೀನ್ ಸೈಜ್ ಕೂಡ ನೋಡಿಕೊಳ್ಳಿ. ಆಮೇಲೆ ಪವರ್ ಆಫ್ ಮಾಡಿ ಕೇಬಲ್ ಬದಲಿಸಿ. ಈ ಸೆಟ್ಟಿಂಗ್ ಆರ್‌ಜಿಬಿಯಲ್ಲೇ ಉಳಿದರೆ ಟಿವಿ ಒಂದೋ ಸಿಗ್ನಲ್ ಇಲ್ಲ ಎನ್ನುತ್ತದೆ, ಇಲ್ಲವೇ ಬಣ್ಣವೆಲ್ಲ ಹಾಳಾಗಿ ಬರುತ್ತದೆ. ಎಷ್ಟೋ ಜನ ಇಲ್ಲಿಯೇ ಕೇಬಲ್ ಕೆಟ್ಟಿದೆ ಎಂದುಕೊಂಡು ಅಂಗಡಿಗೆ ವಾಪಸ್ ಕೊಡುತ್ತಾರೆ.

ಇನ್ನು ಟಿವಿಯ ಕಡೆ. ಹಲವು ಟಿವಿಗಳಲ್ಲಿ ಹಸಿರು ಮತ್ತು ಹಳದಿಗೆ ಸೇರಿ ಒಂದೇ ತೂತು ಇರುತ್ತದೆ. ಕಾಂಪೊನೆಂಟ್ ಹಾಕಿ ಚಿತ್ರ ಕಪ್ಪು-ಬಿಳುಪು ಬಂದರೆ ಹೆದರಬೇಡಿ, ಸೋರ್ಸ್ ಪಟ್ಟಿಯಲ್ಲಿ ಎವಿ ಬಿಟ್ಟು ಕಾಂಪೊನೆಂಟ್ ಆರಿಸಿ. ಹಸಿರು ತಂತಿಯಲ್ಲಿ ಬರುವುದು ಬೆಳಕು ಮಾತ್ರ; ಟಿವಿ ಅದನ್ನು ಹಳದಿ ಎಂದುಕೊಂಡಾಗ ಬಣ್ಣ ಸಿಗುವುದಿಲ್ಲ. ಮುಖಗಳು ನೀಲಿಗಟ್ಟಿ ಆಕಾಶ ಕೆಂಪಾಗಿದ್ದರೆ ನೀಲಿ, ಕೆಂಪು ಪಿನ್ ಅದಲು ಬದಲಾಗಿವೆ. ಚಿತ್ರದಲ್ಲಿ ಕೆಂಪೇ ಇಲ್ಲದೆ, ಜೊತೆಗೆ ಒಂದು ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬಂದರೆ, ಎರಡು ಕೆಂಪು ಪಿನ್ನುಗಳು ಒಂದರ ಜಾಗದಲ್ಲಿ ಇನ್ನೊಂದು ಕೂತಿವೆ. ವೈರು ಎಲ್ಲಿ ಸೀಳುತ್ತದೆ ನೋಡಿ: ಬಿಳಿಯ ಜೊತೆ ಜೋಡಿಯಾಗಿ ಬರುವ ಕೆಂಪೇ ಧ್ವನಿಯದ್ದು. ನಾನು ಅದಕ್ಕೊಂದು ಚೂರು ಟೇಪು ಸುತ್ತಿಡುತ್ತೇನೆ.

ತೂತುಗಳೇ ಇಲ್ಲದೆ ಇಯರ್‌ಫೋನ್ ಸಾಕೆಟಿನಂಥ 3.5 ಎಂಎಂ ಎವಿ ಸಾಕೆಟ್ ಮಾತ್ರ ಇರುವ ಟಿವಿಗಳಲ್ಲಿ ತೊಂದರೆ ಹೆಚ್ಚು. ಅದನ್ನು ಹಳದಿ-ಬಿಳಿ-ಕೆಂಪಿಗೆ ಸೇರಿಸುವ ಕೇಬಲಿನ ಪಿನ್ನಿನಲ್ಲಿ ಮೂರು ಗೆರೆ, ನಾಲ್ಕು ಲೋಹದ ಭಾಗ ಇರಬೇಕು. ಎರಡು ಗೆರೆಯ ಹೆಡ್‌ಫೋನ್ ಪಿನ್ ಆಗುವುದಿಲ್ಲ. ನಾಲ್ಕು ಭಾಗ ಇದ್ದರೂ ಎಲ್ಲ ಕೇಬಲ್ ಒಂದೇ ಅಲ್ಲ: ಕೆಲವದರಲ್ಲಿ ಗ್ರೌಂಡ್ (ಚಿತ್ರ, ಧ್ವನಿ ಎರಡಕ್ಕೂ ಸೇರಿದ ಸಾಮಾನ್ಯ ತಂತಿ) ತುದಿಯಿಂದ ಮೂರನೆಯದು, ಕೆಲವದರಲ್ಲಿ ಬುಡದ್ದು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿನಲ್ಲಿ ತೆಗೆದುಕೊಳ್ಳುವವರಾದರೆ ಮಲ್ಟಿಮೀಟರ್ ಜೊತೆಗಿರಲಿ. ಬೀಪ್ ಮೋಡಿನಲ್ಲಿ ಒಂದು ಕಡ್ಡಿಯನ್ನು ಹಳದಿ ಪಿನ್ನಿನ ಹೊರಬಳೆಗೆ ಮುಟ್ಟಿಸಿ, ಇನ್ನೊಂದನ್ನು ನಾಲ್ಕೂ ಭಾಗಗಳಿಗೆ ಒಂದೊಂದಾಗಿ ಮುಟ್ಟಿಸಿ. ಬೀಪ್ ಬಂದದ್ದು ಗ್ರೌಂಡ್. ಟಿವಿ ಜೊತೆ ಬಂದ ಕೇಬಲಿನಲ್ಲಿ ಯಾವುದಕ್ಕೆ ಬೀಪ್ ಬರುತ್ತದೋ ಅದಕ್ಕೇ ಬರುವುದನ್ನು ಆರಿಸಿ. ಗ್ರೌಂಡ್ ಒಂದೇ ಆಗಿದ್ದು ಉಳಿದ ಮೂರು ಬೇರೆ ಕ್ರಮದಲ್ಲಿದ್ದರೆ, ಹಳದಿ, ಬಿಳಿ, ಕೆಂಪನ್ನು ಅದಲು ಬದಲು ಮಾಡಿದರೆ ಸಾಕು. ಗ್ರೌಂಡೇ ಬೇರೆಯಾದರೆ ಎಷ್ಟು ಬದಲಿಸಿದರೂ ಸರಿಹೋಗುವುದಿಲ್ಲ.

ಎಚ್‌ಡಿಎಂಐ ಮಾತ್ರ ಇರುವ ಕಡೆ ಪಿಎಸ್2ರ ಹಿಂಬದಿಗೆ ಕೂರುವ ಪುಟ್ಟ ಅಡಾಪ್ಟರ್ ಬಳಸಬಹುದು. ಅದಕ್ಕೆ ಯುಎಸ್‌ಬಿಯಿಂದ 5 ವೋಲ್ಟ್ ಬೇಕು, ಕನ್ಸೋಲಿನ ಮುಂದಿನ ಪೋರ್ಟೇ ಸಾಕು. ಮೇಲೆ ಹೇಳಿದ ಸೆಟ್ಟಿಂಗ್ ಇದಕ್ಕೂ ಬೇಕು. ಆದರೆ ಇವುಗಳಲ್ಲಿ ಬಹುಪಾಲು ಚಿತ್ರವನ್ನು ದೊಡ್ಡದು ಮಾಡುವುದಿಲ್ಲ, ಕನ್ಸೋಲ್ ಕೊಟ್ಟ 480ಐ (480 ಗೆರೆಯ ಚಿತ್ರವನ್ನು ಎರಡು ಸರದಿಯಲ್ಲಿ ಕಳಿಸುವ ಬಗೆ) ಅನ್ನು ಹಾಗೆಯೇ ದಾಟಿಸುತ್ತವೆ. ಅದಕ್ಕೇ ಟಿವಿಯಲ್ಲಿ ಸರಿ ಬರುವ ಅದೇ ಅಡಾಪ್ಟರ್ ಕೆಲವು ಕಂಪ್ಯೂಟರ್ ಮಾನಿಟರುಗಳಲ್ಲಿ ಪೂರಾ ಕಪ್ಪು. ಹಳದಿ-ಬಿಳಿ-ಕೆಂಪನ್ನು ಎಚ್‌ಡಿಎಂಐ ಮಾಡುವ ಡಬ್ಬಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಕಲೆತ ಬಣ್ಣ ಕಲೆತೇ ಇರುತ್ತದೆ, ಮೇಲೆ ಬಟನ್ ಒತ್ತಿದ್ದು ಪರದೆಯಲ್ಲಿ ಕಾಣುವುದರಲ್ಲಿ ವಿಳಂಬವೂ ಸೇರಿಕೊಳ್ಳುತ್ತದೆ.

ವಿಳಂಬದ ಮೂಲ 480ಐನಲ್ಲೇ ಇದೆ. ಒಮ್ಮೆ ಬೆಸ ಗೆರೆ, ಮರುಕ್ಷಣ ಸಮ ಗೆರೆ ಬರುತ್ತವೆ. ಎರಡನ್ನೂ ಹೊಂದಿಸಲು ಟಿವಿ ಕಾಯುತ್ತದೆ. 60 ಹರ್ಟ್ಸ್‌ನಲ್ಲಿ ಎರಡು ಸರದಿ ಎಂದರೆ ಸುಮಾರು 33 ಮಿಲಿಸೆಕೆಂಡು, ಹೊಡೆದಾಟದ ಆಟದಲ್ಲಿ ಕೈಗೆ ತಿಳಿಯುವಷ್ಟು. ಟಿವಿಯನ್ನು ಗೇಮ್ ಮೋಡಿಗೆ ಹಾಕಿ, ನಾಯ್ಸ್ ರಿಡಕ್ಷನ್ ಮತ್ತು ಚಲನೆ ನಯಮಾಡುವ ಸೆಟ್ಟಿಂಗ್ ತೆಗೆಯಿರಿ, ಅಗಲ 4:3 ಇಡಿ. 480ಪಿ (ಎಲ್ಲ ಗೆರೆಯೂ ಒಂದೇ ಸಲ ಬರುವ ಬಗೆ) ಇರುವ ಆಟಗಳಲ್ಲಿ ಅದನ್ನೇ ಆರಿಸಿ. ಕೆಲವಕ್ಕೆ ಆಟ ಶುರುವಾಗುವಾಗ ತ್ರಿಕೋನ ಮತ್ತು ಎಕ್ಸ್ ಬಟನ್ ಒತ್ತಿ ಹಿಡಿಯಬೇಕು. ಹಳದಿ ವೈರಿನಲ್ಲಿ 480ಪಿ ಬರುವುದಿಲ್ಲ.

ಪಿಎಸ್1ರ ಡಿಸ್ಕ್ ಹಾಕಿದಾಗ ಮಾತ್ರ ಕಾಂಪೊನೆಂಟಿನಲ್ಲೂ ಹಲವು ಟಿವಿ ಕೈಕೊಡುತ್ತವೆ. ಆ ಆಟಗಳು ಕೊಡುವುದು ಹೆಚ್ಚಾಗಿ 240ಪಿ, ಪಾಲ್ (ಭಾರತ, ಯುರೋಪಿನ ಟಿವಿ ಪದ್ಧತಿ) ಡಿಸ್ಕಾದರೆ 288ಪಿ. ಟಿವಿ ಅದನ್ನು ಒಪ್ಪುವುದಿಲ್ಲ, ಅಥವಾ 480ಐ ಎಂದು ತಪ್ಪು ತಿಳಿದು ಚಿತ್ರ ಕಲಸುತ್ತದೆ. ಓಎಸ್‌ಎಸ್‌ಸಿ ಅಥವಾ ರೆಟ್ರೊಟಿಂಕ್ ಮಾದರಿಯ ಸ್ಕೇಲರ್, ಅಂದರೆ ಹಳೆಯ ಆಟದ ಚಿತ್ರವನ್ನು ಹೊಸ ಟಿವಿಗೆ ಹೊಂದಿಸುವ ಡಬ್ಬಿ, ಪ್ರತಿ ಗೆರೆಯನ್ನು ಎರಡು ಮಾಡಿ ಕಳಿಸುತ್ತದೆ. ವಿಳಂಬ ಇಲ್ಲವೆನ್ನುವಷ್ಟು ಕಡಿಮೆ. ಬೆಲೆ ಕನ್ಸೋಲಿಗಿಂತ ಹೆಚ್ಚಾಗಬಹುದು, ಆದರೂ ಪಿಎಸ್1 ಆಟಗಳನ್ನು ಹೆಚ್ಚು ಆಡುವವರಿಗೆ ಆ ದುಡ್ಡು ಸಾರ್ಥಕ.

ಗುಂಡು ಹಾರಿಸುವ ಆಟಗಳಿಗೆ ಬಳಸುವ ಗನ್‌ಕಾನ್ ಬಂದೂಕು ಈ ಯಾವ ದಾರಿಯಲ್ಲೂ ಕೆಲಸ ಮಾಡುವುದಿಲ್ಲ. ಪಿಕ್ಚರ್ ಟ್ಯೂಬಿನ ಮೇಲೆ ಗೆರೆ ಎಳೆಯುತ್ತಾ ಹೋಗುವ ಕಿರಣದ ಹೊತ್ತು ನೋಡಿ ಅದು ಗುರಿ ಲೆಕ್ಕ ಹಾಕುತ್ತದೆ. ಅದಕ್ಕೆ ಹಳೆಯ ಡಬ್ಬಾ ಟಿವಿಯೇ ಬೇಕು.